ಅಗಲಿದವರ ಬಾಳಿಗೊಂದು ಹಬ್ಬ



ಮದುವೆಗೆ ಆರು ತಿಂಗಳ ಮುಂಚೆಯೇ ಸಿದ್ಧತೆ ನಡೆಸುವ ನಾವು ಮರಣಕ್ಕೆ ಯಾವ ಸಿದ್ಧತೆಯನ್ನೂ ಮಾಡುವುದಿಲ್ಲ. ಅದರ ಮಾತೆತ್ತುವುದೇ ಅಮಂಗಳವೆಂದು ಬಗೆಯುತ್ತೇವೆ. ಅದು ಬಂದ ದಿನ ಮನೆಯವರ ಬುದ್ಧಿ ಮಂಕಾಗಿರುತ್ತದೆ. ಮಾಡಬೇಕಾದುದನ್ನೆಲ್ಲ ಇತರರು ಹೇಳುತ್ತಾರೆ, ನಾವು ಮಾಡುತ್ತೇವೆ. ಕೆಲವು ದಿನಗಳು ಹಾಗೆ ಕಳೆದು, ಕೊನೆಗೊಂದು ಶ್ರದ್ಧಾಂಜಲಿ ಸಭೆ ಸೇರುತ್ತದೆ. ಭಾವಚಿತ್ರಕ್ಕೆ ಹಾರ, ಎರಡು ನಿಮಿಷದ ಮೌನ, ನಾಲ್ಕಾರು ಭಾಷಣಗಳು. ಅಗಲಿದವರು ಸರಳರು, ಸಜ್ಜನರು, ಅಜಾತಶತ್ರುಗಳು; ಅವರ ಅಗಲಿಕೆ ತುಂಬಲಾರದ ನಷ್ಟ. ಭಾವಚಿತ್ರವೊಂದನ್ನು ಬದಲಾಯಿಸಿದರೆ ಇದೇ ಭಾಷಣ ಮರುದಿನ ಇನ್ನೊಂದು ಮನೆಗೂ ಸಲ್ಲುತ್ತದೆ. ಹೀಗೆ ನಮ್ಮವರು ಒಮ್ಮೆ ಮೃತ್ಯುವಿನಿಂದ, ಇನ್ನೊಮ್ಮೆ ನಮ್ಮ ಅಸಡ್ಡೆಯಿಂದ, ಎರಡು ಸಲ ಕಳೆದುಹೋಗುತ್ತಾರೆ. ಎರಡನೆಯ ನಷ್ಟವನ್ನು ತಪ್ಪಿಸುವ ಬಗೆ ಹೇಗೆಂಬುದೇ ಈ ಹೊತ್ತು ನಾವು ವಿಚಾರಿಸತಕ್ಕ ವಿಷಯ.

ಪಶ್ಚಿಮದೇಶಗಳಲ್ಲಿ ಈಚೆಗೆ, ಸತ್ತವರಿಗಾಗಿ ಅಳುವ ಸಭೆಗೆ ಬದಲಾಗಿ ಅವರು ಬಾಳಿದ ಬಾಳನ್ನು ಕೊಂಡಾಡುವ ಸಭೆಯನ್ನು ನಡೆಸುವ ವಾಡಿಕೆ ಹರಡಿದೆ. ಅದನ್ನು ಕೇಳಿ ನಮ್ಮವರು ಹುಬ್ಬೇರಿಸುವುದುಂಟು. ಆದರೆ ಈ ಭಾವನೆ ನಮಗೆ ಹೊಸದಲ್ಲ. ರಾಯಚೂರು ಸೀಮೆಯೊಂದರಲ್ಲಿಯೇ ಅದಕ್ಕೆ ಬೇಕಾದಷ್ಟು ನಿದರ್ಶನಗಳಿವೆ.

ಮಾನ್ವಿಯನ್ನು ನೋಡೋಣ. ಬ್ಯಾಗವಾಟದಲ್ಲಿ ಹುಟ್ಟಿ, ಮಾನ್ವಿಯಲ್ಲಿ ನೆಲಸಿ, 1809ರಲ್ಲಿ ದೇಹವಿಟ್ಟ ಜಗನ್ನಾಥದಾಸರ ಆರಾಧನೆ ಅಲ್ಲಿ ವರ್ಷವರ್ಷವೂ ನಡೆಯುತ್ತದೆ. ಅವರು ತೀರಿಕೊಂಡು ಇನ್ನೂರು ವರ್ಷಗಳ ಮೇಲಾಯಿತು. ಆದರೂ ಆ ದಿನ ಅಲ್ಲಿ ಅಳುವವರಿಲ್ಲ. ಜನರು ಸೇರಿ ಮಾಡುವ ಮುಖ್ಯ ಕಾರ್ಯವೇನು? ದಾಸರ ಗುಣವರ್ಣನೆಗಿಂತ ಮಿಗಿಲಾಗಿ ದಾಸರೇ ರಚಿಸಿದ ಹರಿಕಥಾಮೃತಸಾರದ ಪಾರಾಯಣ, ಅವರ ಕೀರ್ತನೆಗಳ ಗಾನ, ಬಂದವರಿಗೆಲ್ಲ ಊಟ. ಅಗಲಿದವರ ಮಾತನ್ನು ನಾವು ಆಡುವುದಕ್ಕಿಂತ ಅವರ ಮಾತನ್ನು ಅವರಿಂದಲೇ ಕೇಳುವುದು ಮೇಲೆಂಬ ತಿಳಿವಳಿಕೆ ಈ ಪದ್ಧತಿಯಲ್ಲಿ ಅಡಗಿದೆ. ಗುರುಗಳಾದ ಗೋಪಾಲದಾಸರು ತಮ್ಮ ಆಯುಸ್ಸಿನ ನಲವತ್ತು ವರ್ಷಗಳನ್ನು ಈ ಶಿಷ್ಯನಿಗೆ ಧಾರೆಯೆರೆದರೆಂದು ಸಂಪ್ರದಾಯ ಹೇಳುತ್ತದೆ. ಅದನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಒಬ್ಬರ ಬಾಳು ಇನ್ನೊಬ್ಬರ ಬಾಳಿನಲ್ಲಿ ಮುಂದುವರಿಯುತ್ತದೆಂಬ ಅದರ ಅರ್ಥವನ್ನಂತೂ ಯಾರೂ ಅಲ್ಲಗಳೆಯಲಾರರು.

ಇನ್ನು ದರ್ಗಾಗಳ ಉರುಸು. ಈ ಅರಬ್ಬೀ ಶಬ್ದಕ್ಕೆ ಮದುವೆಯೆಂದು ಅರ್ಥ. ಸಂತನ ಮರಣದ ದಿನವೆಂದರೆ ಅವನು ತನ್ನ ಪ್ರಿಯನನ್ನು ಸೇರಿದ ದಿನ; ಆದುದರಿಂದ ಅದು ಉತ್ಸವ. 1422ರಲ್ಲಿ ತೀರಿಕೊಂಡ ಬಂದೇನವಾಜರ ಉರುಸಿಗೆ ಕಲಬುರಗಿಯಲ್ಲಿ ಇಂದಿಗೂ ಎಲ್ಲ ಮತದವರೂ ನೆರೆಯುತ್ತಾರೆ. ಮೊಹರಮ್ಮಿನಲ್ಲಾದರೋ ಶೋಕವೇ ಪ್ರಧಾನ. ಆದರೆ 680ರಲ್ಲಿ ದೂರದ ಕರ್ಬಲಾದಲ್ಲಿ ಮಡಿದವರ ಕಥೆಯನ್ನು ನಮ್ಮ ಹಳ್ಳಿಗರು ರಿವಾಯತ್ ಪದಗಳಾಗಿ ಕನ್ನಡದಲ್ಲಿ ಹಾಡುತ್ತಾರೆ. ಹಾಡುವವರಲ್ಲಿ ಮುಸಲ್ಮಾನರಲ್ಲದವರೂ ಅನೇಕರು. ನೆನಪೆಂಬುದು ರಕ್ತಸಂಬಂಧಿಗಳ ಸೊತ್ತು ಮಾತ್ರವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಮೂರನೆಯ ನಿದರ್ಶನ ಮಂಡ್ಯದ ಸೀಮೆಯ ಆತಕೂರಿನದು. ಸುಮಾರು ಕ್ರಿ. ಶ. 950ರ ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ, ಏನು ಬೇಕಾದರೂ ಕೇಳೆಂದು ಗಂಗರ ಬೂತುಗ ಹೇಳಿದಾಗ, ಅವನು ಬೇಡಿದುದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಕಾಡುಹಂದಿಯೊಂದರ ಮೇಲೆ ಬಿದ್ದು ಹೋರಾಡಿ, ಹಂದಿಯೂ ತಾನೂ ಒಟ್ಟಿಗೆ ಸತ್ತವು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿದ, ಭೂಮಿಯನ್ನು ದತ್ತಿಯಾಗಿ ಬಿಟ್ಟ, ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪವನ್ನೂ ವಿಧಿಸಿದ. ಆ ಶಾಸನದಲ್ಲಿ ನಾಯಿಯನ್ನು ಕುರಿತು ಸಾಮಾನ್ಯವಾದ ಹೊಗಳಿಕೆಯ ಮಾತಿಲ್ಲ. ಹೆಸರಿದೆ, ಅದು ಮಾಡಿದ ಕೆಲಸವಿದೆ, ಮಾಡಿದ ಸ್ಥಳವಿದೆ, ನೆನಪನ್ನು ಉಳಿಸುವುದಕ್ಕೆ ಏರ್ಪಾಟಿದೆ. ಹತ್ತನೆಯ ಶತಮಾನದಲ್ಲಿ ಒಂದು ನಾಯಿಗೆ ದೊರೆತ ಈ ನ್ಯಾಯ ಇಂದು ನಮ್ಮ ತಾಯಂದಿರಿಗೆ ದೊರೆಯದೆ ಹೋಗುವುದು ನಾಚಿಕೆಯ ಸಂಗತಿ.

ಈಗ ಕಾರ್ಯಕ್ರಮಕ್ಕೆ ಬರೋಣ. ದೇವದುರ್ಗದ ಸೀಮೆಯ ಅರಕೇರಾದಲ್ಲಿ ವೃದ್ಧೆಯೊಬ್ಬಳು ತೀರಿಕೊಂಡಳೆಂದು ಭಾವಿಸೋಣ. ಎರೆಯ ಹೊಲದಲ್ಲಿ ಜೋಳ ಹತ್ತಿಗಳ ನಡುವೆ ಬಾಳು ಸವೆಸಿದವಳು. ಮಕ್ಕಳೊಬ್ಬರು ರಾಯಚೂರಿನಲ್ಲಿ, ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಹೈದರಾಬಾದಿನಲ್ಲಿ. ಅವರು ಊರಿಗೆ ಬಂದು, ಮನೆತನದ ಮರ್ಯಾದೆಗೆಂದು ಸಾಲ ಮಾಡಿ, ಸಾವಿರ ಜನಕ್ಕೆ ಸಿಹಿಯೂಟ ಹಾಕಬಹುದು. ಆದರೆ ಒಂದು ರೂಪಾಯಿಗೂ ಲೆಕ್ಕವಿಟ್ಟು ಸಂಸಾರ ನಡೆಸಿದ ತಾಯಿಯ ಹೆಸರಿನಲ್ಲಿ ಮೊಮ್ಮಕ್ಕಳ ತಲೆಗೆ ಸಾಲ ಹೊರಿಸುವುದು ಅವಳಿಗೆ ಮಾಡುವ ಗೌರವವಲ್ಲ. ವೆಚ್ಚಕ್ಕೆ ಮೊದಲೇ ಮಿತಿಯನ್ನು ಗೊತ್ತುಮಾಡುವುದು ಪ್ರಥಮ ಕರ್ತವ್ಯ.

ಎರಡನೆಯದು, ಕಾಲ. ಕರ್ಮಾಂತರಗಳು ಅವರವರ ಕುಲಾಚಾರದಂತೆ ನಡೆಯಲಿ. ಅವುಗಳೊಡನೆ ಸ್ಪರ್ಧೆ ಬೇಡ. ಬಾಳಿನ ಹಬ್ಬವನ್ನು ಅದೇ ವಾರ ನಡೆಸಬೇಕೆಂಬ ನಿಯಮವಿಲ್ಲ. ಒಂದು ತಿಂಗಳೋ ಒಂದು ವರ್ಷವೋ ಕಳೆದ ಮೇಲೆ, ದುಃಖದ ಕಾವು ಸ್ವಲ್ಪ ಇಳಿದು, ದೂರದವರೂ ಬರಲು ಅನುಕೂಲವಾದಾಗ ಮಾಡಬಹುದು. ಕಣ್ಣೀರು ಬಂದರೆ ಬರಲಿ. ಹಬ್ಬವೆಂದ ಮಾತ್ರಕ್ಕೆ ಯಾರೂ ನಗೆಯನ್ನು ನಟಿಸಬೇಕಾಗಿಲ್ಲ.

ಮೂರನೆಯದು, ಅವಳ ಧ್ವನಿ. ಅವಳು ಗ್ರಂಥ ಬರೆಯಲಿಲ್ಲ, ನಿಜ. ಆದರೆ ಬೀಸುವಾಗ ಹಾಡಿದ ಪದಗಳಿದ್ದುವು. ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದ ಕೌದಿಗಳಿದ್ದುವು. ಆ ಕೌದಿಗಳನ್ನು ಪೆಟ್ಟಿಗೆಯಿಂದ ತೆಗೆದು ಅಂಗಳದಲ್ಲಿ ಹರಡಿದರೆ, ಯಾವ ತುಂಡು ಯಾರ ಮದುವೆಯ ಸೀರೆಯದೆಂದು ಹೆಣ್ಣುಮಕ್ಕಳು ತಾವಾಗಿ ಹೇಳತೊಡಗುತ್ತಾರೆ. ಮನೆಯ ಅರ್ಧ ಚರಿತ್ರೆ ಅಲ್ಲಿಯೇ ಹೊರಬೀಳುತ್ತದೆ. ಅವಳೊಡನೆ ಹಾಡುತ್ತಿದ್ದ ನೆರೆಯವಳು ಆ ಪದವನ್ನು ಹಾಡಲಿ. ಊಟಕ್ಕೆ ಅವಳು ಮಾಡುತ್ತಿದ್ದ ಜೋಳದ ರೊಟ್ಟಿ, ಅವಳ ಕೈಯ ಚಟ್ನಿಯೇ ಇರಲಿ. ರಾತ್ರಿಗೆ ಏಕತಾರಿ ಹಿಡಿದ ಊರಿನ ಭಜನೆಯವರು ತತ್ತ್ವಪದ ಹಾಡಿದರೆ ಬೇರೆ ಸಂಗೀತ ಬೇಕಿಲ್ಲ.

ನಾಲ್ಕನೆಯದು, ಮಾತನಾಡುವವರು. ವೇದಿಕೆಯ ಗಣ್ಯರಿಗಿಂತ ಅವಳೊಡನೆ ಕಳೆ ಕಿತ್ತವಳಿಗೆ ಹೆಚ್ಚು ಗೊತ್ತು. ಪ್ರತಿಯೊಬ್ಬರೂ ಒಂದೇ ಸಂಗತಿಯನ್ನು ಹೇಳಲಿ: ಇಂಥ ದಿನ, ಇಂಥ ಸ್ಥಳದಲ್ಲಿ, ಆಕೆ ಹೀಗೆ ಮಾಡಿದಳು. ಹಠ, ಕೋಪ, ಜಿಪುಣತನಗಳೂ ಪ್ರೀತಿಯ ನಗೆಯೊಡನೆ ಬರಲಿ. ಡಿ. ವಿ. ಗುಂಡಪ್ಪನವರ ಜ್ಞಾಪಕಚಿತ್ರಶಾಲೆಯನ್ನು ಓದಿದವರಿಗೆ ಇದರ ಬೆಲೆ ತಿಳಿದಿದೆ. ಮನುಷ್ಯರು ಅಲ್ಲಿ ತಮ್ಮ ವೈಚಿತ್ರ್ಯಗಳೊಡನೆಯೇ ಜೀವಂತರಾಗಿದ್ದಾರೆ. ದೋಷವೇ ಇಲ್ಲದವಳೆಂದು ವರ್ಣಿಸಿದರೆ ಕೇಳುವ ಮೊಮ್ಮಗನಿಗೆ ಅವಳು ತನ್ನ ಅಜ್ಜಿಯೆಂದೇ ತೋರುವುದಿಲ್ಲ.

ಐದನೆಯದು, ಉಳಿಯುವ ಏರ್ಪಾಟು. ಮಣಲೇರನ ದತ್ತಿಯನ್ನು ನೆನೆಯಿರಿ. ಒಂದು ಹೊತ್ತಿನ ಊಟದಲ್ಲಿ ಉಳಿಸಿದ ಹಣದಿಂದ ಊರಿನ ಶಾಲೆಗೆ ಪುಸ್ತಕಗಳ ಕಪಾಟನ್ನು ಕೊಡಬಹುದು. ಬೇಸಗೆಯಲ್ಲಿ ಅರವಟ್ಟಿಗೆ ಇಡಿಸಬಹುದು. ಬೇವಿನ ಸಸಿ ನೆಟ್ಟು, ಮೂರು ಬೇಸಗೆ ಅದಕ್ಕೆ ನೀರೆರೆಯುವವರನ್ನೂ ಗೊತ್ತುಮಾಡಬಹುದು. ನೀರೆರೆಯುವವರಿಲ್ಲದ ಸಸಿಗಿಂತ ಸಸಿಯಿಲ್ಲದಿರುವುದು ಲೇಸು. ಇವೆಲ್ಲಕ್ಕಿಂತ ದೊಡ್ಡ ದಾನ ನೇತ್ರದಾನ. ಚಿತ್ರನಟ ರಾಜಕುಮಾರ್ ಅವರು 2006ರಲ್ಲಿಯೂ ಅವರ ಮಗ ಪುನೀತ್ 2021ರಲ್ಲಿಯೂ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನಮಾಡಲಾಯಿತು. ಆದರೆ ಮರಣಾನಂತರ ಸುಮಾರು ಆರು ಗಂಟೆಗಳೊಳಗೆ ಕಣ್ಣುಗಳನ್ನು ತೆಗೆಯಬೇಕು. ಅಳುವಿನ ಆ ಗಳಿಗೆಯಲ್ಲಿ ಚರ್ಚೆಗೆ ಎಡೆಯಿರುವುದಿಲ್ಲ. ಮನೆಯವರೆಲ್ಲ ಮೊದಲೇ ಒಪ್ಪಿರಬೇಕು.

ಇಲ್ಲಿಗೆ ನಮ್ಮ ವಿಚಾರ ಮೊದಲಿಟ್ಟ ಪ್ರಶ್ನೆಗೇ ಮುಟ್ಟುತ್ತದೆ. ಒಳ್ಳೆಯ ಸ್ಮರಣೆಯ ಸಿದ್ಧತೆ ನಡೆಯತಕ್ಕದ್ದು ಬದುಕಿರುವಾಗಲೇ. ಕಣ್ಣಿನ ವಿಷಯದಲ್ಲಿ ಅವಳ ಇಚ್ಛೆ ಏನು, ಬೀಸುವ ಪದದ ಎರಡನೆಯ ನುಡಿ ಯಾವುದು, ಕೌದಿಯ ಆ ಕೆಂಪು ತುಂಡು ಯಾರದು, ಇವನ್ನು ಹೇಳಬಲ್ಲವಳು ಅವಳೊಬ್ಬಳೇ. ಇಂದು ಪ್ರತಿಯೊಬ್ಬರ ಕೈಯಲ್ಲೂ ಧ್ವನಿಯನ್ನು ಹಿಡಿದಿಡುವ ಯಂತ್ರವಿದೆ. ಕೇಳುವ ಪುರುಸೊತ್ತು ಮಾತ್ರ ಇಲ್ಲ. ಬಿ. ಎಂ. ಶ್ರೀಕಂಠಯ್ಯನವರಿಗೆ ಶಿಷ್ಯರೂ ಸ್ನೇಹಿತರೂ ‘ಸಂಭಾವನೆ’ ಎಂಬ ಗ್ರಂಥವನ್ನು ಒಪ್ಪಿಸಿದುದು 1941ರಲ್ಲಿ. ಅವರು ತೀರಿಕೊಂಡುದು 1946ರಲ್ಲಿ. ಹೇಳಬೇಕಾದುದನ್ನು ಅವರು ಕೇಳಬಲ್ಲ ಕಾಲದಲ್ಲಿ ಹೇಳಿದರು. ಗ್ರಂಥ ಮಾಡುವ ಶಕ್ತಿ ಎಲ್ಲರಿಗೂ ಇಲ್ಲದಿರಬಹುದು. ಆದರೆ ಈ ಭಾನುವಾರ ಊರಿಗೆ ಹೋಗಿ, ಅಡುಗೆಮನೆಯ ಬಾಗಿಲಲ್ಲಿ ಕುಳಿತು, ‘ಅವ್ವಾ, ಆ ಪದ ಹೇಳು’ ಎಂದು ಕೇಳುವ ಶಕ್ತಿ ನಮ್ಮೆಲ್ಲರಿಗೂ ಉಂಟು.