ಕಳಿಂಗವೆಂಬ ಕಡಲ ಹುಳು
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಬೋರಾಮಣಿಯ ಮಾಳದಿಂದ ಕಡಲು ಬಹುದೂರ. ಹೀಗಿರುತ್ತ ಕಡಲ ಹುಳುವೊಂದರ ನಾಮಕರಣವನ್ನು ಈ ಸಭೆಯಲ್ಲಿ ಎತ್ತಿಕೊಂಡುದೇಕೆಂದು ತಾವು ಕೇಳಬಹುದು. ಆ ನಾಮಕರಣಕ್ಕೆ ಕಾರಣರಾದ ಮಹನೀಯರು ಕನ್ನಡಕ್ಕೂ ಬೇಕಾದವರೆಂಬುದೇ ನನ್ನ ಉತ್ತರ.

ನಮ್ಮ ನಾನ್ನಜದ ಮಾಳದಲ್ಲಿ ಈಗ ಕಾಣುವುದೇ ಅಪರೂಪವಾಗಿರುವ ದೊಡ್ಡ ಹಕ್ಕಿಯನ್ನು ಮರಾಠಿ ಬಂಧುಗಳು ಮಾಳಢೋಕ ಎನ್ನುವರು. ಕನ್ನಡದಲ್ಲಿ ಅದು ಎರೆಭೂತ. ಎರಡೂ ಸರಿಯೇ. ಆದರೆ ದೇಶದೇಶದ ವಿದ್ವಾಂಸರು ಒಂದೇ ಪ್ರಾಣಿಯನ್ನು ಕುರಿತು ಮಾತನಾಡುತ್ತಿರುವರೆಂದು ನಿಶ್ಚಯವಾಗಲು ಎಲ್ಲರಿಗೂ ಸಮಾನವಾದ ಹೆಸರೊಂದು ಬೇಕು. ಸ್ವೀಡನ್ನಿನ ಲಿನೇಯಸನು ಹಾಕಿಕೊಟ್ಟ ಕ್ರಮದಂತೆ ಆ ಹೆಸರಿಗೆ ಎರಡು ಭಾಗ: ಮೊದಲನೆಯದು ಕುಲ, ಎರಡನೆಯದು ಜಾತಿ. ಪ್ರಾಣಿಗಳ ಮಟ್ಟಿಗೆ ಅವನ 1758ರ ಗ್ರಂಥದಿಂದಲೇ ಲೆಕ್ಕ. (ಇಲ್ಲಿ ಕುಲವೆಂದರೆ ಮೇಲುಕೀಳಿನ ಮಾತಲ್ಲವೆಂದು ಮಕ್ಕಳು ತಿಳಿಯಬೇಕು.)

ಇನ್ನು ಆ ಮಹನೀಯರ ವಿಷಯ. ವಾಲ್ಟರ್ ಎಲಿಯಟ್ ಸಾಹೇಬರು 1824ರಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮನ ಸೆರೆಯಲ್ಲಿದ್ದು ಬಿಡುಗಡೆಯಾದ ಕಂಪನಿ ಸರಕಾರದ ಅಧಿಕಾರಿ. ಮುಂದೆ ಧಾರವಾಡ ಸೀಮೆಯ ಸರಕಾರಿ ಶಾಲೆಗಳಲ್ಲಿ ಮರಾಠಿಯೇ ನಡೆಯುತ್ತಿದ್ದಾಗ ತಮ್ಮ ಕೈಯಿಂದ ಹಣ ಹಾಕಿ ಕನ್ನಡ ಶಾಲೆ ತೆರೆದವರು ಇವರೇ. ಊರೂರಿನ ಶಾಸನಗಳ ನಕಲು ಬರೆಯಿಸಿ 595ನ್ನು ಕೂಡಿಸಿದರು. ಅವುಗಳ ಆಧಾರದ ಮೇಲೆ ಚಾಲುಕ್ಯರ ವಂಶಾವಳಿಯನ್ನು ಹೊಂದಿಸಿದರು. ಗಡಿನಾಡಿನವರಾದ ನಮಗೆ ಈ ಎರಡು ಕೆಲಸಗಳ ಬೆಲೆಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

1845ರ ತರುವಾಯ ಅವರ ಕಾರ್ಯಕ್ಷೇತ್ರವು ಪೂರ್ವ ಕರಾವಳಿಗೆ, ವಿಶಾಖಪಟ್ಟಣದ ಪಕ್ಕದ ವಾಲ್ಟೇರಿಗೆ ಬದಲಾಯಿತು. ಅಲ್ಲಿಯೂ ಕೂಡಿಸುವ ಅಭ್ಯಾಸ ಬಿಡಲಿಲ್ಲ. ಈ ಸಲ ಚಿಪ್ಪಿಲ್ಲದ ಕಡಲ ಬಸವನಹುಳುಗಳು. ಮಳೆಗಾಲದಲ್ಲಿ ನಮ್ಮ ಬೇಲಿಗಳ ಮೇಲೆ ಹರಿದಾಡುವ ಬಸವನಹುಳುವಿನ ದಾಯಾದಿಗಳಿವು. ಚಿಪ್ಪಿನ ಆಸರೆಯಿಲ್ಲ, ಹಲವಕ್ಕೆ ಕಿವಿರು ಬೆನ್ನ ಮೇಲೆ ಹೂವಿನಂತೆ ಬಯಲಾಗಿ ಅರಳಿರುತ್ತದೆ. ಮದ್ಯಸಾರದಲ್ಲಿ ಹಾಕಿಟ್ಟರೆ ಮೈ ಮುದುಡಿ ಬಣ್ಣವೆಲ್ಲ ಅಳಿಯುತ್ತದೆ. ಆದುದರಿಂದ ಜೀವಂತವಿರುವಾಗ ಬರೆದ ಬಣ್ಣದ ಚಿತ್ರವೂ ಬೇಕು, ಕೊಯ್ದು ನೋಡಲು ದೇಹವೂ ಬೇಕು. ಶಾಸನಕ್ಕೆ ನಕಲೂ ಬೇಕು, ಕಲ್ಲೂ ಉಳಿಯಬೇಕು, ಹಾಗೆಯೇ ಇದು.

ಈ ಸಂಗ್ರಹವನ್ನು ಪರೀಕ್ಷಿಸಿದವರು ನ್ಯೂಕ್ಯಾಸಲ್ಲಿನ ಆಲ್ಡರ್ ಮತ್ತು ಹ್ಯಾನ್ಕಾಕ್ ಎಂಬ ಪಂಡಿತರು. ಚುಕ್ಕೆಯೊಂದು ಹೆಚ್ಚಾದ ಮಾತ್ರಕ್ಕೆ ಹೊಸ ಕುಲವಾಗದು. ಕಿವಿರಿನ ಜೋಡಣೆ, ನಾಲಗೆಯ ಮೇಲಿನ ಹಲ್ಲಿನ ಪಟ್ಟಿ, ತಲೆಯ ಅಂಚು, ಇವೆಲ್ಲ ಸೇರಿ ತಿಳಿದ ಯಾವ ಕುಲದಲ್ಲಿಯೂ ಕೂಡದಿದ್ದರೆ ಮಾತ್ರ ಹೊಸ ಕುಲ ಕಟ್ಟುವರು. ಮೈತುಂಬ ಕೆಂಪು ತುದಿಯ ಗಂಟುಗಳಿದ್ದ ಒಂದು ಹುಳುವಿಗೆ 1864ರಲ್ಲಿ ಅವರು ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಸಂಪುಟದಲ್ಲಿ ಇಟ್ಟ ಹೆಸರು 'ಕಳಿಂಗ ಆರ್ನೇಟ'. ಕಳಿಂಗವು ಆ ಕರಾವಳಿಯ ಪುರಾತನ ನಾಮ; ಆರ್ನೇಟ ಎಂದರೆ ಅಲಂಕೃತ. ನಕ್ಷತ್ರಮೀನಿನ ಬಳಗದ, ಹಾವಿನಂತೆ ತೋಳಾಡಿಸುವ ಪ್ರಾಣಿಗಳೇ ಇದರ ಆಹಾರ.

ಅದೇ ಲೇಖನದಲ್ಲಿ ಅವರು 'ಡೋರಿಡಾಪ್ಸಿಸ್' ಎಂಬ ಇನ್ನೊಂದು ಕುಲವನ್ನೂ ಸ್ಥಾಪಿಸಿದರು. ಅದು ನಿಲ್ಲಲಿಲ್ಲ. ಅಂಥ ಹುಳುಗಳಿಗೆ ಎಹ್ರೆನ್‌ಬರ್ಗನೆಂಬ ಜರ್ಮನ್ ವಿದ್ವಾಂಸನು 1831ರಲ್ಲಿಯೇ 'ಡೆಂಡ್ರೊಡೋರಿಸ್' ಎಂದು ಹೆಸರಿಟ್ಟಿದ್ದನು. ಮೊದಲು ಅಚ್ಚಾದ ಹೆಸರೇ ಊರ್ಜಿತವೆಂಬುದು ನಿಯಮ. ಎಷ್ಟು ದೊಡ್ಡ ಪಂಡಿತನಾದರೂ ತಡವಾಗಿ ಬರೆದರೆ ಸೋತಂತೆಯೇ. ಕಳಿಂಗವು ಮಾತ್ರ ಇಂದಿಗೂ ಮಾನ್ಯವಾಗಿದೆ.

ಕಳಿಂಗಕ್ಕೆ ಈ ಗೌರವ ಸಿಕ್ಕಿದರೆ ಕನ್ನಡಕ್ಕೇನು ಸಿಕ್ಕಿತೆಂದು ಯಾರಾದರೂ ಕೇಳಿಯಾರು. ಸಿಕ್ಕಿದೆ, ಅದೂ 27 ವರ್ಷ ಮೊದಲೇ! ಪೊದೆಗಳಲ್ಲಿ ವಾಸಿಸುವ ಒಂದು ಬಗೆಯ ಇಲಿಗೆ 1837ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರೇ ಎಂಬವರು 'ಗೊಲುಂಡ ಎಲಿಯಟಿ' ಎಂದು ಹೆಸರಿಟ್ಟರು. ಜಾತಿಯ ಹೆಸರು ಎಲಿಯಟ್ಟರದು. ಕುಲದ ಹೆಸರು ನಮ್ಮದು. ಹಳೆಯ ಪ್ರಾಣಿಗ್ರಂಥಗಳು ಇದರ ಕನ್ನಡ ಹೆಸರನ್ನು ರೋಮನ್ ಲಿಪಿಯಲ್ಲಿ ಕೊಟ್ಟಿವೆ. ಆ ಲಿಪಿಯಲ್ಲಿ ದಕಾರ ಡಕಾರಗಳ ಭೇದವಿಲ್ಲವಾದುದರಿಂದ ಅದನ್ನು ಗುಲಂದಿ ಎಂದೂ ಓದಬಹುದು, ಗುಲಾಂಡಿ ಎಂದೂ ಓದಬಹುದು. ಬೇಲಿಯಲ್ಲಿ ಹುಲ್ಲಿನ ಗೂಡು ಕಟ್ಟುವ ಇಲಿಯನ್ನು ಬೋರಾಮಣಿಯ, ಅಕ್ಕಲಕೋಟೆ ಕಡೆಯ ಮುದುಕರು ಏನೆಂದು ಕರೆಯುತ್ತಿದ್ದರು? ಬಲ್ಲ ಹಿರಿಯರು ಸಭೆ ಮುಗಿದ ಮೇಲೆ ದಯಮಾಡಿ ತಿಳಿಸಬೇಕು. ನಾನು ಬರೆದುಕೊಳ್ಳಲು ಪುಸ್ತಕ ತಂದಿದ್ದೇನೆ.