ಪದಪದಕ್ಕೂ ನಿಂತು ಓದುವವರು

ಇಂಗ್ಲಿಷ್ ಸಾಹಿತ್ಯ ಓದಲು ಕುಳಿತ ಕನ್ನಡದ ವಿದ್ಯಾರ್ಥಿಯನ್ನು ಒಂದು ಅಳುಕು ಕಾಡುತ್ತದೆ: ಮನೆಮಾತಲ್ಲದ ಭಾಷೆಯ ಒಳದನಿ ನನಗೆ ದಕ್ಕೀತೇ? ಈ ಅಳುಕಿನಿಂದಲೇ ಅನೇಕರು ಮೂಲವನ್ನು ಬಿಟ್ಟು ಗೈಡುಗಳ ಮೊರೆಹೋಗುತ್ತಾರೆ. ಆದರೆ ಹೊರಗಿನಿಂದ ಬಂದ ಓದುಗನಿಗೆ ತನ್ನದೇ ಬಲವಿದೆ. ರೂಢಿಯ ಕಣ್ಣು ಜಾರಿಹೋಗುವ ಕಡೆ ಅವನು ನಿಲ್ಲುತ್ತಾನೆ, ಪ್ರಶ್ನೆ ಕೇಳುತ್ತಾನೆ. ಉದಾಹರಣೆಗೆ, ಕಾದಂಬರಿಕಾರ ಕಾನ್ರಾಡ್‌ನ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಕೃತಿಯನ್ನು ವಿಮರ್ಶಕರು ದಶಕಗಳ ಕಾಲ ಕೊಂಡಾಡಿದ್ದರು. ಆದರೆ ಆಫ್ರಿಕದ ಇಗ್ಬೊ ಮನೆಮಾತಿನ ಲೇಖಕ ಚಿನುವಾ ಅಚಿಬೆ 1975ರ ಉಪನ್ಯಾಸದಲ್ಲಿ, ಆ ಕೃತಿಯಲ್ಲಿ ಆಫ್ರಿಕದ ಜನರಿಗೆ ಮನುಷ್ಯರ ಮುಖವೇ ಇಲ್ಲವೆಂದು ವಾದಿಸಿದರು. ಇಂದು ಆ ವಾದವನ್ನು ಬದಿಗಿಟ್ಟು ಆ ಕೃತಿಯನ್ನು ಚರ್ಚಿಸುವುದು ಕಷ್ಟ.

ಭಾಷೆಯ ಸೂಕ್ಷ್ಮಗಳು ನಮಗೆ ತಪ್ಪಿಹೋಗುವುದಿಲ್ಲವೇ? ನಿಜ, ಕೆಲವು ತಪ್ಪುತ್ತವೆ. ಆದರೆ ನಾನ್ನೂರು ವರ್ಷ ಹಳೆಯ ಷೇಕ್ಸ್‌ಪಿಯರನನ್ನು ಓದಲು ಲಂಡನ್ನಿನ ಹುಡುಗಿಗೂ ಟಿಪ್ಪಣಿ ಬೇಕು. ಒಬ್ಬರಿಗೆ ತಪ್ಪಿದ್ದು ಇನ್ನೊಬ್ಬರಿಗೆ ಹೊಳೆಯಲೆಂದೇ ಕೂಡಿ ಓದಬೇಕು. ಹಾಗೆ ಕೂಡಿದಾಗ ‘ಯಾವ ಸಾಲು ಹಾಗೆ ಹೇಳುತ್ತದೆ?’ ಎಂಬ ಪ್ರಶ್ನೆ ಎದುರಿಗಿದ್ದರೆ ಮಾತು ಹರಟೆಯಾಗದು. ಚರ್ಚೆ ಕನ್ನಡದಲ್ಲಿ ನಡೆದರೆ ಇಂಗ್ಲಿಷ್ ಸೊರಗೀತು ಎನ್ನುವವರಿಗೆ ಬಿ.ಎಂ.ಶ್ರೀ. ಉತ್ತರವಾಗಿದ್ದಾರೆ. ಮೈಸೂರಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅವರು ಇಂಗ್ಲಿಷ್ ಕವಿತೆಗಳನ್ನು ಕನ್ನಡದ ಉಸಿರಿನಲ್ಲಿ ಮತ್ತೆ ಓದಿದರು. 1926ರ ‘ಇಂಗ್ಲಿಷ್ ಗೀತಗಳು’ ಕನ್ನಡ ಕಾವ್ಯಕ್ಕೆ ಹೊಸ ಲಯ ಕೊಟ್ಟಿತು. ಎರಡು ಭಾಷೆಗಳ ನಡುವೆ ನಿಂತು ಓದುವವನಿಗೆ ಎರಡೂ ದಡ ಕಾಣುತ್ತವೆ. ಅಳುಕನ್ನು ಬಿಟ್ಟು ಇಂದೇ ಒಂದು ಪುಟ ತೆರೆಯೋಣ, ಜೊತೆಗೊಬ್ಬರನ್ನು ಕರೆಯೋಣ.