ಪ್ರಶ್ನೆಯೊಳಗಿನ ಪ್ರಶ್ನೆ



ದುಧನಿಯು ತೊಗರಿಯ ಪೇಟೆ. ಇಲ್ಲಿ ಲೆಕ್ಕದ ಮಾತನ್ನಾಡಲು ನಾವು ಕ್ಷಮೆ ಬೇಡಬೇಕಾದುದಿಲ್ಲ. ಅಂಗಡಿಯ ಕೀರ್ದಿ, ಶಾಲೆಯ ಪಟ್ಟಿ ಮುಂತಾದುವೆಲ್ಲ ಗಣಕಯಂತ್ರದ ದತ್ತಸಂಚಯವನ್ನು ಸೇರುತ್ತಿರುವ ಈ ಕಾಲದಲ್ಲಿ, ಅಲ್ಲಿ ಕೇಳಿದ ಪ್ರಶ್ನೆಗೆ ಉತ್ತರವು ಯಾವ ದಾರಿಯಿಂದ ಬರುವುದೆಂದು ವಿಚಾರಿಸುವುದು ಯೋಗ್ಯವೆಂದು ಬಗೆದಿದ್ದೇವೆ.

ಎಸ್‌ಕ್ಯೂಎಲ್ ಎಂಬ ಪ್ರಶ್ನಭಾಷೆಯಲ್ಲಿ ನಾವು ಏನು ಬೇಕೆಂಬುದನ್ನು ಮಾತ್ರ ಹೇಳುವೆವು. ಅದನ್ನು ಹೇಗೆ ಹುಡುಕಬೇಕೆಂಬುದನ್ನು ಆಪ್ಟಿಮೈಜರ್ ಎಂಬ ಅಂಗವು ನಿರ್ಧರಿಸುವುದು. ಅದನ್ನು ನಾವು ಯಂತ್ರದೊಳಗಿನ ದಿವಾಣಜಿ ಎನ್ನೋಣ. ‘ಇಂದಿನ ಸರಾಸರಿ ಧಾರಣೆಗಿಂತ ಹೆಚ್ಚಿಗೆ ತೊಗರಿ ಮಾರಿದ ರೈತರು ಯಾರು?’ ಎಂದು ಕೇಳಿದರೆ, ಸರಾಸರಿ ಎಷ್ಟೆಂಬುದು ಒಳಪ್ರಶ್ನೆ. ಅದನ್ನು ಒಮ್ಮೆ ತೆಗೆದಿಟ್ಟುಕೊಂಡರೆ ತೀರಿತು. ಆದರೆ ‘ತಮ್ಮ ತಮ್ಮ ಊರಿನ ಸರಾಸರಿಗಿಂತ ಹೆಚ್ಚು ಪಡೆದವರು ಯಾರು?’ ಎಂದರೆ ಒಳಪ್ರಶ್ನೆಯು ಹೊರಪ್ರಶ್ನೆಯ ಪ್ರತಿಯೊಬ್ಬ ರೈತನಿಗೂ ಅಂಟಿಕೊಳ್ಳುವುದು. ಕೀರ್ದಿಯಲ್ಲಿ 500 ಸಾಲುಗಳಿದ್ದರೆ, ಪ್ರತಿ ಸಾಲಿಗೂ 500 ಸಾಲು ಓದುವ ಮಂದಬುದ್ಧಿಯ ದಿವಾಣಜಿ 2,50,000 ಸಾಲುಗಳನ್ನು ಓದುವನು!

1979ರಲ್ಲಿ ಐಬಿಎಂ ಸಂಸ್ಥೆಯ ಸಿಸ್ಟಮ್ ಆರ್ ಬಗ್ಗೆ ಪೆಟ್ರೀಸಿಯಾ ಸೆಲಿಂಜರ್ ಮತ್ತು ಸಂಗಡಿಗರು ಬರೆದ ಪ್ರಬಂಧದಲ್ಲಿ ಒಂದು ಉಪಾಯವಿದೆ: ಸಾಲುಗಳನ್ನು ಊರುವಾರು ಜೋಡಿಸಿದ್ದರೆ, ಅದೇ ಊರು ಮತ್ತೆ ಬಂದಾಗ ಹಿಂದಿನ ಉತ್ತರವನ್ನೇ ಬಳಸಬಹುದು. 1982ರಲ್ಲಿ ವೊನ್ ಕಿಮ್ ಅವರು ಇನ್ನೂ ಮುಂದೆ ಹೋಗಿ ಒಳಪ್ರಶ್ನೆಯನ್ನೇ ಬಿಚ್ಚಿದರು. ಮೊದಲು ಒಂದೇ ಓದಿನಲ್ಲಿ ಊರುವಾರು ಸರಾಸರಿಗಳ ಪಟ್ಟಿ ಮಾಡುವುದು, ಅನಂತರ ಅದನ್ನು ಕೀರ್ದಿಯೊಡನೆ ತಾಳೆ ನೋಡುವುದು. ಎರಡು ಓದಿಗೆ 1,000 ಸಾಲು, ಕೆಲಸ ಮುಗಿಯಿತು. ಹಾಗೆಂದು ಬಿಚ್ಚುವುದೇ ಯಾವಾಗಲೂ ಲೇಸೆಂದಲ್ಲ. ಹೊರಗಿನ ಸಾಲುಗಳು ಕೆಲವೇ ಇದ್ದು ಸೂಚಿಯೂ ಇದ್ದರೆ ಹಳೆಯ ದಾರಿಯೇ ಅಗ್ಗವಾದೀತು. ಮುಂಬಯಿಯ ಐಐಟಿಯಲ್ಲಿ ಎಸ್. ಸುದರ್ಶನ್ ಮತ್ತು ಸಂಗಡಿಗರು 2005ರಲ್ಲಿ, ಜೋಡಣೆಯ ಕ್ರಮದಿಂದ ಆ ಹಳೆಯ ದಾರಿಯನ್ನೇ ಇನ್ನಷ್ಟು ಸುಗಮಗೊಳಿಸುವ ಬಗೆಯನ್ನು ತೋರಿಸಿದರು.

ಆದರೆ ಕಿಮ್ ಅವರ ಯುಕ್ತಿಯಲ್ಲಿ ಒಂದು ಕುಳಿಯಿತ್ತು. ಗಡಿನಾಡಿನವರಾದ ನಮಗೆ ಅದೇ ಮುಖ್ಯ. ಒಂದು ಕಲ್ಪಿತ ಉದಾಹರಣೆ ಕೊಡುತ್ತೇವೆ. ಕನ್ನಡ ಶಾಲೆಗಳ ಪಟ್ಟಿಯೊಂದು, ಅದರಲ್ಲಿ ಮಂಜೂರಾದ ಹುದ್ದೆಗಳ ಸಂಖ್ಯೆ; ಶಿಕ್ಷಕರ ಪಟ್ಟಿ ಬೇರೊಂದು. ‘ಮಂಜೂರಾದುದಕ್ಕಿಂತ ಕಡಿಮೆ ಶಿಕ್ಷಕರಿರುವ ಶಾಲೆಗಳಾವುವು?’ ಎಂದು ಕೇಳುವೆವು. ದಿವಾಣಜಿಯು ಶಿಕ್ಷಕರ ಪಟ್ಟಿಯನ್ನು ಶಾಲೆವಾರು ಎಣಿಸಿ, ಆ ಎಣಿಕೆಯನ್ನು ಶಾಲೆಗಳೊಡನೆ ತಾಳೆ ಹಾಕುವನು. ನಾಲ್ಕರಲ್ಲಿ ಮೂವರಿರುವ ಶಾಲೆ ಸಿಕ್ಕುವುದು. ಮೂವರಲ್ಲಿ ಒಬ್ಬರಿರುವುದೂ ಸಿಕ್ಕುವುದು. ಒಬ್ಬ ಶಿಕ್ಷಕರೂ ಇಲ್ಲದ ಶಾಲೆ? ಶಿಕ್ಷಕರ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ; ಆದುದರಿಂದ ಎಣಿಕೆಯಲ್ಲಿ ಸೊನ್ನೆಯೂ ಹುಟ್ಟದು, ಉತ್ತರದಲ್ಲಿ ಶಾಲೆಯೂ ಇರದು. ಎಲ್ಲಕ್ಕಿಂತ ಹೆಚ್ಚು ಕೊರತೆಯುಳ್ಳದ್ದೇ ಕೊರತೆಯ ಪಟ್ಟಿಯಿಂದ ಕಾಣೆಯಾಗುವುದು! ಬಿಚ್ಚದ ಪ್ರಶ್ನೆಯಾದರೆ ಅದನ್ನು ಸರಿಯಾಗಿಯೇ ಹಿಡಿಯುತ್ತಿತ್ತೆಂಬುದನ್ನು ಗಮನಿಸಬೇಕು. ವೇಗಕ್ಕಾಗಿ ಮಾಡಿದ ಬದಲಾವಣೆಯು ಉತ್ತರವನ್ನೇ ಬದಲಿಸಿತ್ತು.

ವರ್ನರ್ ಕೀಸ್ಲಿಂಗ್ ಎಂಬ ವಿದ್ವಾಂಸರು 1980ರ ದಶಕದ ನಡುವೆ ಈ ದೋಷವನ್ನು ಎತ್ತಿ ತೋರಿಸಿದರು; ‘ಕೌಂಟ್ ಬಗ್’ ಎಂದು ಅದು ಪ್ರಸಿದ್ಧವಾಗಿದೆ. ಗಾನ್‌ಸ್ಕಿ ಮತ್ತು ವಾಂಗ್ ಎಂಬಿಬ್ಬರು 1987ರಲ್ಲಿ ಪರಿಹಾರವನ್ನು ವಿವರಿಸಿದರು. ಶಾಲೆಗಳ ಪಟ್ಟಿಯಿಂದಲೇ ಹೊರಡಬೇಕು. ಜೊತೆ ಸಿಕ್ಕದ ಶಾಲೆಯನ್ನೂ ಬಿಡದೆ, ಅದರ ಎದುರು ಶಿಕ್ಷಕರ ಸ್ಥಳವನ್ನು ಬರಿದಾಗಿ ಉಳಿಸಬೇಕು. ಇದಕ್ಕೆ ‘ಔಟರ್ ಜಾಯಿನ್’ ಎನ್ನುವರು. ಇಲ್ಲಿಯೂ ಒಂದು ಎಚ್ಚರಿಕೆ ಬೇಕು: ಸಾಲುಗಳನ್ನು ಎಣಿಸದೆ ಶಿಕ್ಷಕರ ಹೆಸರುಗಳನ್ನು ಎಣಿಸಬೇಕು. ಇಲ್ಲವಾದರೆ ಆ ಬರಿದಾದ ಸಾಲೇ ‘ಒಂದು’ ಎಂದು ಲೆಕ್ಕಕ್ಕೆ ಬಂದು, ಇಲ್ಲದ ಶಿಕ್ಷಕರೊಬ್ಬರು ಹುಟ್ಟಿಕೊಳ್ಳುವರು.

ಕೈಯಿಂದ ಪಟ್ಟಿ ಮಾಡುವಾಗಲೂ ಇದೇ ತಪ್ಪು ನುಸುಳುವುದುಂಟು. ಆದುದರಿಂದ ನಮ್ಮ ಸಂಘದ ತರುಣರು ಮನವಿಗಾಗಿ ಅಂಕಿಗಳನ್ನು ಕೂಡಿಸುವಾಗ, ಮೊದಲು ಶಿಕ್ಷಕರಿಲ್ಲದ ಶಾಲೆಯೊಂದರ ಹೆಸರನ್ನು ಪಟ್ಟಿಗೆ ಸೇರಿಸಿ, ಅದು ಉತ್ತರದಲ್ಲಿ ಹೊರಬರುವುದೋ ಇಲ್ಲವೋ ನೋಡಲಿ.